ವಾಸವಿದ್ದರು ಎಂಬುದಕ್ಕೆ ಸಾಕ್ಷಿ

ಎಂಬತ್ತಾರು ಹುಡುಗಿಯರಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವವಳ ಸ್ವಂತ ಮನೆಯಲ್ಲಿ ಒಲೆಯೇ ಉರಿಯುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಇನ್ಶೂರೆನ್ಸ್‌ನವರು ಮಾತ್ರ ತಕ್ಷಣ ನಂಬಿದರು. ನಂಬಿ, ಹಾಗಾದರೆ ಆ ಮನೆಯಲ್ಲಿ ನೀವು ಇರಲೇ ಇಲ್ಲ ಎಂದರು.

ನನ್ನ ಹೆಸರು ಅಂಜಿನಮ್ಮ. ಜಗಳೂರಿನ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ನಲ್ಲಿ ಅಡುಗೆ ಮಾಡುತ್ತೇನೆ. ಹುಟ್ಟಿದ್ದು ಬಿಳಿಚೋಡಿನಲ್ಲಿ. ಮದುವೆ ಮಾಡಿ ಚನ್ನಗಿರಿಗೆ ಕೊಟ್ಟರು, ಎರಡೇ ವರ್ಷಕ್ಕೆ ವಾಪಸು ಬಂದೆ. ಯಾಕೆ ಬಂದೆ ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಈಗ ಕೇಳುವವರೂ ಇಲ್ಲ. ಇಪ್ಪತ್ತೆಂಟು ವರ್ಷ ಬಾಡಿಗೆ ಕೋಣೆಗಳಲ್ಲಿ, ಮಾಲೀಕರ ಮುಖ ನೋಡಿ ನೀರು ಹಿಡಿಯುತ್ತ ಬದುಕಿದೆ. ಐವತ್ತು ತುಂಬುವ ಹೊತ್ತಿಗೆ ಬ್ಯಾಂಕಿನಲ್ಲಿ ಸಾಲ ಮಾಡಿ ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಮುಂದಿನ ಕೋಣೆಗೆ ಆರ್‌ಸಿಸಿ, ಹಿಂದಿನ ಎರಡಕ್ಕೆ ತಗಡಿನ ಶೀಟು. ಸಾಲದ ಜತೆಗೇ ಬ್ಯಾಂಕಿನವರು ಮನೆಗೊಂದು ಇನ್ಶೂರೆನ್ಸ್ ಮಾಡಿಸಿದರು. ಅದರ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಬಂತು. ಕವರಿನಿಂದ ತೆಗೆಯದೆ ಹಾಗೇ ಟ್ರಂಕಿನಲ್ಲಿಟ್ಟೆ. ಓದಿ ನೋಡುವ ಬುದ್ಧಿ ಅವತ್ತು ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ವಾಪಸು ಬರುವುದು ರಾತ್ರಿ ಒಂಬತ್ತೂವರೆಗೆ. ತಿಂಡಿ, ಊಟ, ಟೀ ಎಲ್ಲ ಹಾಸ್ಟೆಲ್‌ನಲ್ಲೇ. ಫೋನ್ ಚಾರ್ಜ್ ಮಾಡಿಕೊಳ್ಳುವುದೂ ಅಲ್ಲೇ. ಗೃಹಪ್ರವೇಶದ ದಿನ ಹಾಲು ಉಕ್ಕಿಸಲೆಂದು ತಂದ ಗ್ಯಾಸ್ ಸಿಲಿಂಡರ್ ಎರಡು ವರ್ಷವಾದರೂ ಅರ್ಧವೂ ಖರ್ಚಾಗಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ, ಜೋರು ಮಳೆ ಬಂದ ದಿನ, ಹಾಸ್ಟೆಲ್‌ನ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಗಳ ಪಕ್ಕ ಚಾಪೆ ಹಾಸಿಕೊಂಡು ಮಲಗಿಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಕಾರಣವಿಲ್ಲದೆಯೂ ಮಲಗಿದ್ದುಂಟು. ಸ್ವಂತ ಮನೆ ಬೇಕೆಂದು ಇಪ್ಪತ್ತೆಂಟು ವರ್ಷ ಹಟ ಹಿಡಿದವಳಿಗೆ ಅದರ ಬೀಗ ತೆಗೆಯಲು ಬೇಜಾರಾಗುತ್ತಿತ್ತು. ಬಾಗಿಲು ತೆಗೆದರೆ ಬೆಳಗ್ಗೆ ಇಟ್ಟ ಚೊಂಬು ಇಟ್ಟಲ್ಲೇ ಇರುತ್ತಿತ್ತು.

ಗಾಳಿ ಎದ್ದದ್ದು ಮೇ ತಿಂಗಳ ಒಂದು ಮಂಗಳವಾರ ಸಂಜೆ. ನಮ್ಮ ತಾಲೂಕಿಗೆ ಮಳೆ ಬರುವುದೇ ಅಪರೂಪ. ಬಂದರೆ ಹೊಡೆದಾಟಕ್ಕೆ ಬಂದ ಹಾಗೆ ಬರುತ್ತದೆ. ನಾನು ಚಪಾತಿ ಹಿಟ್ಟು ನಾದುತ್ತಿದ್ದೆ. ಹಾಸ್ಟೆಲ್‌ನ ಮುಂದಿನ ಬೇವಿನ ಮರ ಕಾಂಪೌಂಡಿನ ಮೇಲೆ ಬಿತ್ತು, ಕರೆಂಟು ಹೋಯಿತು, ಆಲಿಕಲ್ಲು ಕಿಟಕಿಗೆ ಬಡಿಯತೊಡಗಿತು. ಹುಡುಗಿಯರು ಚೀರಿದರು. ಅವರ ಮೇಲೆ ರೇಗಿ, ಮೇಣದಬತ್ತಿ ಹಚ್ಚಿ, ಕತ್ತಲಲ್ಲೇ ಇನ್ನೂರು ಚಪಾತಿ ಬೇಯಿಸಿದೆ. ವಾರ್ಡನ್ ಜ್ಯೋತಿಲಕ್ಷ್ಮಿ ಮೇಡಂ, "ಅಂಜಿನಮ್ಮ, ಈ ಗಾಳಿಯಾಗೆ ಹೆಂಗೆ ಹೋಗ್ತೀರಿ? ಇಲ್ಲೇ ಮಲಗ್ರಿ," ಎಂದರು. ಮಲಗಿದೆ.

ಮರುದಿನ ತಿಂಡಿ ಮುಗಿಸಿ, ಪಾತ್ರೆ ತೊಳೆದು, ಹನ್ನೊಂದು ಗಂಟೆಗೆ ಮನೆಗೆ ಹೋಗಿ ಬಾಗಿಲು ತೆಗೆದರೆ ಒಳಗೆಲ್ಲ ಬಿಸಿಲು. ಹಿಂದಿನ ಎರಡೂ ಕೋಣೆಗಳ ಮೇಲೆ ಮಾಡೇ ಇರಲಿಲ್ಲ. ಗೋಡೆಯ ಮೇಲಿನ ಎರಡು ಸಾಲು ಇಟ್ಟಿಗೆ ಕುಸಿದು ಹಾಸಿಗೆಯ ಮೇಲೆ ಬಿದ್ದಿದ್ದವು. ಹಾಸಿಗೆ ನೀರು ಕುಡಿದು ಉಬ್ಬಿತ್ತು. ಮುಂದಿನ ಕೋಣೆಯ ಗೋಡೆಯಲ್ಲಿ ಬುದ್ಧನ ಫೋಟೋ ಮಾತ್ರ, ಏನೂ ಆಗಿಲ್ಲ ಎಂಬಂತೆ, ಹೊಸದಾಗಿಯೇ ಇತ್ತು. ಹೊರಗೆ ಬಂದು ನೋಡಿದರೆ ಹಾರಿಹೋದ ಆರು ಶೀಟುಗಳನ್ನು ಯಾರೋ ಹುಡುಕಿ ತಂದು, ಒಂದರ ಮೇಲೊಂದು ಜೋಡಿಸಿ, ಮತ್ತೆ ಹಾರದಂತೆ ಮೇಲೆ ಎರಡು ಕಲ್ಲು ಹೇರಿದ್ದರು. ಪಟ್ಟಣ ಪಂಚಾಯಿತಿಯವರ ಕೆಲಸವಿರಬೇಕು ಅಂದುಕೊಂಡೆ. ಎಂದೂ ಇಲ್ಲದ ಒಳ್ಳೆ ಕೆಲಸ ಮಾಡಿದರಲ್ಲ ಎಂದು ಮನಸ್ಸಿನಲ್ಲೇ ಹೊಗಳಿದೆ ಕೂಡ.

ಮಾಡು ಹಾರಿಹೋಗಿ ಆಗಲೇ ಹದಿನೆಂಟು ಗಂಟೆಯಾಗಿತ್ತು. ಫೋನ್ ತೆಗೆದು ನೋಡಿದೆ. ಒಂದೇ ಒಂದು ಮಿಸ್ಡ್ ಕಾಲ್ ಕೂಡ ಇರಲಿಲ್ಲ. ನಿನ್ನ ಮನೆ ಹಾರಿಹೋಯಿತು ಕಣೇ ಎಂದು ಹೇಳುವ ಒಂದು ನರಪಿಳ್ಳೆಯೂ ನನಗಿಲ್ಲವಲ್ಲ ಎನಿಸಿ, ಅದೇ ಇಟ್ಟಿಗೆಯ ಮೇಲೆ ಕೂತು ಅತ್ತೆ. ಮಾಡಿಗಾಗಿ ಅತ್ತದ್ದಲ್ಲ.

ಬ್ಯಾಂಕಿಗೆ ಹೋದಾಗ ಅಲ್ಲಿಯ ಹುಡುಗಿ ಇನ್ಶೂರೆನ್ಸ್‌ನವರ ನಂಬರ್ ಕೊಟ್ಟಳು. ಫೋನಿನಲ್ಲಿ ಮಾತಾಡಿದವಳು ನಾಲ್ಕು ಮಾತು ಹೇಳಿದಳು: ಏನನ್ನೂ ಎಸೆಯಬೇಡಿ, ಗುಡಿಸಿ ಸಾರಿಸಬೇಡಿ, ಎಲ್ಲದರ ಫೋಟೋ ತೆಗೆಯಿರಿ, ಹಾಳಾದ ಸಾಮಾನಿನ ಪಟ್ಟಿ ಮಾಡಿ. ಫೋಟೋ ಸುಲಭ. ಗುಡಿಸದೆ ಇರುವುದು ಕಷ್ಟವಾಯಿತು. ಕೆಸರು ಕಂಡರೆ ಕೈ ತಾನಾಗಿ ಪೊರಕೆಗೆ ಹೋಗುತ್ತದೆ. ಪಟ್ಟಿ ಮಾಡಲು ಕೂತಾಗ ಮಾತ್ರ ಪೆನ್ನು ನಿಂತಿತು. ಹಾಸಿಗೆ ಒಂದು. ದಿಂಬು ಒಂದು. ಕಂಬಳಿ ಒಂದು. ತಟ್ಟೆ ಒಂದು. ಲೋಟ ಒಂದು. ಉದ್ದಕ್ಕೂ ಒಂದು, ಒಂದು, ಒಂದು. ಪ್ಲಾಸ್ಟಿಕ್ ಕುರ್ಚಿ ಮಾತ್ರ ಎರಡು, ಅದೂ ಅಂಗಡಿಯವನು ಬಿಡಿಯಾಗಿ ಕೊಡುವುದಿಲ್ಲ ಎಂದದ್ದಕ್ಕೆ. ಎರಡನೆಯದರ ಮೇಲೆ ಅವತ್ತಿನವರೆಗೆ ಯಾರೂ ಕೂತಿರಲಿಲ್ಲ.

ಮೊದಲು ಕೂತವನು ನಷ್ಟ ಅಳೆಯಲು ಇನ್ಶೂರೆನ್ಸ್‌ನವರು ಕಳಿಸಿದ ಸರ್ವೇಯರ್. ದಾವಣಗೆರೆಯಿಂದ ಬಂದಿದ್ದ, ಹೆಸರು ವಿನಯ್ ಕುಮಾರ್. ಮೂವತ್ತರ ಆಸುಪಾಸಿನ, ಮಾತಿಗಿಂತ ಟೇಪನ್ನೇ ಹೆಚ್ಚು ನಂಬುವ ಹುಡುಗ. ಗೋಡೆ ಅಳೆದ, ಶೀಟು ಎಣಿಸಿದ, ಮೀಟರಿನ ಫೋಟೋ ತೆಗೆದ. ಅಡುಗೆ ಕಟ್ಟೆಯ ಹತ್ತಿರ ಹೋಗಿ ನಿಂತುಬಿಟ್ಟ. ಸ್ಟೌವಿನ ಗಾಜಿನ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

"ಅಮ್ಮಾ, ಇಲ್ಲಿ ಅಡುಗೆ ಮಾಡಲ್ವಾ?"

"ಎಂಬತ್ತಾರು ಜನಕ್ಕೆ ಮಾಡ್ತೀನಿ ಸಾರ್. ಒಬ್ಬಳಿಗೋಸ್ಕರ ಇಲ್ಲಿ ಯಾಕೆ ಹಚ್ಚಲಿ?" ಎಂದೆ, ಹೆಮ್ಮೆಯಿಂದಲೇ.

ಅವನು ಏನೋ ಬರೆದುಕೊಂಡ. ನೀವು ಎಲ್ಲಿ ಕೆಲಸ ಮಾಡುತ್ತೀರಿ ಎಂಬುದಕ್ಕೆ ಒಂದು ಪತ್ರ ಬೇಕು ಎಂದ. ಜ್ಯೋತಿಲಕ್ಷ್ಮಿ ಮೇಡಂ ಅದೇ ಸಂಜೆ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು. ನಮ್ಮ ಕಡೆ ಸರ್ಟಿಫಿಕೇಟ್ ಎಂದರೆ ಹೊಗಳಿಕೆ. ಹೊಗಳದೆ ಕೊಟ್ಟರೆ ಸಿಟ್ಟಿನಿಂದ ಕೊಟ್ಟರು ಎಂದೇ ಅರ್ಥ. ಮೇಡಂ ಮನಸ್ಸು ಬಿಚ್ಚಿ ಬರೆದಿದ್ದರು: 'ಶ್ರೀಮತಿ ಅಂಜಿನಮ್ಮನವರು ಹಗಲು ರಾತ್ರಿ ನಿಲಯದಲ್ಲಿಯೇ ಉಳಿದು, ತಮ್ಮ ಮನೆಯನ್ನೂ ಮರೆತು ವಿದ್ಯಾರ್ಥಿನಿಯರ ಸೇವೆ ಮಾಡುತ್ತಿದ್ದಾರೆ.' ಓದಿ ನನ್ನ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ನನ್ನ ಕೈಯಾರೆ ಕವರಿಗೆ ಹಾಕಿ, ಅಂಟಿಸಿ, ಕಳಿಸಿದೆ.

ಹತ್ತು ದಿನ ಬಿಟ್ಟು ವಿನಯ್ ಕುಮಾರ್ ಫೋನ್ ಮಾಡಿದ.

"ಅಮ್ಮಾ, ಒಂದು ತೊಂದರೆ ಐತೆ. ಪಾಲಿಸಿನಾಗೆ ಒಂದು ಶರತ್ತು ಇರ್ತೈತೆ. ಮೂವತ್ತು ದಿನ ಒಂದೇ ಸಮ ಯಾರೂ ವಾಸ ಇಲ್ಲದ ಮನೆಗೆ ಕ್ಲೇಮ್ ಸಿಗಲ್ಲ. ನಿಮ್ಮ ಮೀಟರ್ ತಿಂಗಳಿಗೆ ಐದು ಯೂನಿಟ್ ತೋರಿಸ್ತೈತೆ. ಗ್ಯಾಸ್ ಎರಡು ವರ್ಷದಿಂದ ಬುಕ್ ಆಗಿಲ್ಲ. ಗಾಳಿ ಬಂದ ದಿನಾನೂ ನೀವು ಮನೇಲಿ ಇರಲಿಲ್ಲ. ಈಗ ನಿಮ್ಮ ಮೇಡಂ ಬೇರೆ ಹಗಲು ರಾತ್ರಿ ಹಾಸ್ಟೆಲ್‌ನಾಗೇ ಇರ್ತಾರೆ ಅಂತ ಸೀಲ್ ಹಾಕಿ ಕೊಟ್ಟಾರೆ. ಕಂಪನಿಯವರು ಕೇಳಿದ್ರೆ ನಾನು ಏನು ಹೇಳಲಿ?"

"ನನ್ನ ಮನೇಲಿ ನಾನಲ್ಲದೆ ನಿಮ್ಮ ತಾತ ಇದ್ನಾ?" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಪುಣ್ಯಕ್ಕೆ ಅವನು ಸಿಟ್ಟಾಗಲಿಲ್ಲ. "ನಂಗೆ ಗೊತ್ತಮ್ಮ. ಆದ್ರೆ ಕಾಗದಕ್ಕೆ ಗೊತ್ತಾಗಬೇಕಲ್ಲ? ನೀವು ಇಲ್ಲಿ ವಾಸ ಇದ್ರಿ ಅಂತ ಅಕ್ಕಪಕ್ಕದವರು ಯಾರಾದ್ರೂ ಹೇಳಲಿ. ಶನಿವಾರ ಬರ್ತೀನಿ, ನಾನೇ ಕೇಳಿ ಬರಕೊಂತೀನಿ," ಎಂದ.

ಶನಿವಾರಕ್ಕೆ ನಾಲ್ಕು ದಿನ. ಮಳೆಗಾಲ ತಲೆಯ ಮೇಲೆ ಕೂತಿತ್ತು. ಕ್ಲೇಮು ಬರದಿದ್ದರೆ ಶೀಟು ಹಾಕಿಸಲು ಮತ್ತೊಂದು ಸಾಲ ಹುಟ್ಟುವುದಿಲ್ಲ. ಒಂದು ಮಳೆಗಾಲ ನೆನೆದರೆ ಉಳಿದ ಗೋಡೆಯೂ ನಿಲ್ಲುವುದಿಲ್ಲ. ಆಮೇಲೆ ಅಕ್ಕಿ ಮೂಟೆಯ ಪಕ್ಕದ ಚಾಪೆಯೇ ಗತಿ, ಅದೂ ರಿಟೈರ್ ಆಗುವವರೆಗೆ. ಅದಕ್ಕಿಂತ ಹೆಚ್ಚಾಗಿ ನನ್ನೊಳಗೇ ಒಂದು ಅನುಮಾನ ಸೇರಿಕೊಂಡಿತು. ಆ ಮನೆಯಲ್ಲಿ ನಾನು ನಿಜವಾಗಿ ಇದ್ದೆನೇ?

ನಾನು ಇದ್ದೆ ಎಂದು ಯಾರು ಹೇಳುತ್ತಾರೆ ಎಂದು ಯೋಚಿಸಿ ನೋಡಿದೆ. ಹಾಲಿನವನಲ್ಲಿ ಹಾಲು ಹಾಕಿಸಿಕೊಂಡವಳಲ್ಲ. ಮೂಲೆಯ ಕಿರಾಣಿ ಅಂಗಡಿಯಲ್ಲಿ ಎರಡು ವರ್ಷದಲ್ಲಿ ಒಂದು ಸೋಪು, ಒಂದು ಬೆಂಕಿಪೊಟ್ಟಣ ತಂದಿರಬಹುದು. ಅಂಗಡಿಯವನನ್ನು ಹೋಗಿ ಕೇಳಿದೆ. "ನೀವು ಈ ಲೇಔಟಿನೋರಾ? ಹೊಸದಾಗಿ ಬಂದೀರೇನ್ರೀ?" ಎಂದ. ಪೇಪರ್ ಹಾಕಿಸಿದವಳಲ್ಲ, ಚೀಟಿ ಕಟ್ಟಿದವಳಲ್ಲ, ಸಂಘ ಸೇರಿದವಳಲ್ಲ. ಎಡಗಡೆ ಖಾಲಿ ಸೈಟು, ಹಿಂದೆ ಜಾಲಿ ಗಿಡ, ಎದುರಿಗೆ ಅರ್ಧ ಕಟ್ಟಿ ನಿಲ್ಲಿಸಿದ ಮನೆ. ಉಳಿದದ್ದು ಬಲಗಡೆಯ ಮನೆ ಒಂದೇ, ಗಾದ್ರಮ್ಮನದು. ಗಾದ್ರಮ್ಮನಿಗೂ ನನಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಜಗಳ ಶುರುವಾದದ್ದು ಅವಳ ಗಂಡನ ಟಿವಿಎಸ್ ಗಾಡಿಯಿಂದ. ಆತ ಸೊಪ್ಪಿನ ವ್ಯಾಪಾರ ಮಾಡುತ್ತಿದ್ದ. ದಿನಾ ಬೆಳಗ್ಗೆ ನಾಲ್ಕೂವರೆಗೆ ಹಳ್ಳಿಗಳ ಕಡೆ ಹೋಗಿ ಸೊಪ್ಪು ಕಟ್ಟಿಸಿಕೊಂಡು ಬಂದು ಸಂತೆ ಬೀದಿಯಲ್ಲಿ ಮಾರುವುದು. ಗಾಡಿ ನಿಲ್ಲಿಸುತ್ತಿದ್ದುದು ನಮ್ಮ ಎರಡು ಮನೆಗಳ ನಡುವಿನ ಸಂದಿಯಲ್ಲಿ, ಸರಿಯಾಗಿ ನನ್ನ ಕಿಟಕಿಯ ಕೆಳಗೆ. ಅದು ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿಯಲ್ಲ. ಕೊರ್ ಕೊರ್ ಎಂದು ಐದು ನಿಮಿಷ ಪೆಡಲ್ ತುಳಿದ ಮೇಲೆ ಎದ್ದು, ಹೊಗೆಯನ್ನೆಲ್ಲ ನನ್ನ ಹಾಸಿಗೆಯ ಮೇಲೆ ಸುರಿದು ಹೋಗುತ್ತಿತ್ತು. ನಾನು ಏಳಬೇಕಾದದ್ದು ನಾಲ್ಕೂ ಮುಕ್ಕಾಲಿಗೆ. ಆ ಕಾಲು ಗಂಟೆಯ ನಿದ್ದೆಗೆ ಎಷ್ಟು ಬೆಲೆ ಎಂಬುದು ನನ್ನಂತೆ ದುಡಿಯುವವರಿಗೆ ಗೊತ್ತು. ಎರಡು ಸಲ ಹೇಳಿದೆ. ಮೂರನೆಯ ಸಲ ಕಿಟಕಿಯಿಂದ ಒಂದು ಚೊಂಬು ನೀರನ್ನು ಗಾಡಿಯ ಮೇಲೆ ಸುರಿದು, "ನಿನ್ನ ಗಾಡಿ ನಿಂತೋಗ!" ಎಂದು ಕೂಗಿದೆ.

ಗಾದ್ರಮ್ಮ ಹೊರಗೆ ಬಂದು, "ನಿನ್ನ ಬಾಯಿಗೆ ಮಣ್ಣು ಬೀಳ! ದುಡಿಯಾಕೆ ಹೋಗೋರಿಗೆ ಹಿಂಗೆ ಅಂತೀಯಾ?" ಎಂದು ಬೈದಳು. ಆತ ಮಾತ್ರ ಹೆಗಲ ಟವೆಲಿನಿಂದ ಸೀಟು ಒರೆಸಿದ. ಮರುದಿನದಿಂದ ಗಾಡಿಯ ಸದ್ದು ನಿಂತಿತು. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ. ನಾನು ಹೋಗುವುದು ಬರುವುದು ಎರಡೂ ಕತ್ತಲಲ್ಲೇ ಆದ್ದರಿಂದ ನೋಡದೆ ಇರುವುದೂ ಸುಲಭವಾಯಿತು.

ಈಗ ಆ ಬಾಗಿಲಿಗೆ ಹೋಗಿ ಏನೆಂದು ಕೇಳುವುದು? ಬುಧವಾರ ಅವಳ ಗೇಟಿನವರೆಗೆ ಹೋಗಿ ವಾಪಸು ಬಂದೆ. ಗುರುವಾರ ಗೇಟು ಮುಟ್ಟಿ ವಾಪಸು ಬಂದೆ. ಶುಕ್ರವಾರ ಹಾಸ್ಟೆಲ್‌ನಲ್ಲಿ ಮಾಡಿದ ಕೇಸರಿಬಾತನ್ನು ಡಬ್ಬಿಗೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ನನಗೇ ನಾಚಿಕೆಯಾಯಿತು. ಎರಡು ವರ್ಷ ಇಲ್ಲದ ಕೇಸರಿಬಾತು ಇವತ್ತು ಯಾಕೆ ಬಂತು ಎಂದು ಎಂಥವರಿಗೂ ಗೊತ್ತಾಗುತ್ತದೆ. ಮಾಡು ಇಲ್ಲದ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ನಾನೇ ಅದನ್ನು ತಿಂದೆ. ಒಂದು ಮಾತು ಕೇಳಲು ಬಾರದ ಬಾಯಿಗೆ ಬೈಯಲು ಮಾತ್ರ ಎಷ್ಟು ಚೆನ್ನಾಗಿ ಬರುತ್ತದಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ ಮೂರಕ್ಕೆ ವಿನಯ್ ಕುಮಾರ್ ಬಂದ. ಸುತ್ತ ಒಂದು ಸಲ ನೋಡಿ, ಸೀದಾ ಗಾದ್ರಮ್ಮನ ಗೇಟಿನ ಕಡೆ ನಡೆದ.

"ಅಲ್ಲಿ ಬೇಡ ಸಾರ್," ಎಂದೆ.

"ಯಾಕೆ?"

ಅವನ ಹಿಂದೆ ಹಿಂದೆ ಹೋದೆ. ಅವನು ಚಿಲಕ ಬಡಿದ. ಗಾದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಅವತ್ತು ಇನ್ನೂ ದೊಡ್ಡವಳಂತೆ ಕಂಡಳು. ನಾನು ಅವಳ ಕಾಲಿನ ಕಡೆ ನೋಡುತ್ತ ನಿಂತೆ. ವಿನಯ್ ಕುಮಾರ್ ಇನ್ಶೂರೆನ್ಸ್ ವಿಷಯ ಹೇಳಿ, ಫಾರಂ ತೆಗೆದು ಕೇಳಿದ.

"ಅಮ್ಮಾ, ಈ ಪಕ್ಕದ ಮನೇಲಿ ಇವರು ವಾಸ ಇದ್ರಾ? ಇಲ್ಲಾ ಬೀಗ ಹಾಕಿರ್ತಿತ್ತಾ? ಇದ್ದದ್ದು ಇದ್ದಂಗೆ ಹೇಳ್ರಿ."

ಅವಳು 'ಬೀಗ' ಎಂದು ಒಂದೇ ಮಾತು ಹೇಳಿದ್ದರೂ ಸಾಕಿತ್ತು. ಹಗಲು ಹೊತ್ತು ನೋಡಿದವರಿಗೆ ಅದು ಸುಳ್ಳೂ ಅಲ್ಲ. ಗಾದ್ರಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಹೇಳತೊಡಗಿದಳು.

"ರಾತ್ರಿ ಒಂಬತ್ತೂವರೆಗೆ ಬರ್ತಾಳೆ. ಚಪ್ಪಲಿ ಎಳಕಂಡು ನಡೀತಾಳೆ, ಗೊತ್ತಾಗ್ತೈತೆ. ಬೀಗ ಮೊದಲ ಸಲಕ್ಕೆ ಬರಲ್ಲ, ಅದಕ್ಕೊಂದು ಬೈದು ಎರಡನೇ ಸಲ ತಿರುಗಿಸ್ತಾಳೆ. ಒಳಗೆ ಹೋಗಿ ನೀರು ಕುಡೀತಾಳೆ. ಆಮೇಲೆ ಒಬ್ಬಳೇ ಮಾತಾಡ್ತಾಳೆ. ಅಕ್ಕಿನಾಗೆ ಹುಳ ಐತೆ ಅಂತ ಒಂದಿನ, ಸೌತೆಕಾಯಿ ಕಹಿ ಐತೆ ಅಂತ ಒಂದಿನ. ಯಾವುದೋ ಹುಡುಗಿ ಊಟ ಬಿಟ್ಟು ಅಳ್ತಾ ಕುಂತಿದ್ಲು ಅಂತ ಒಂದಿನ ತಾನೂ ಅತ್ಲು. ಹತ್ತಕ್ಕೆ ಲೈಟ್ ಆರಿಸ್ತಾಳೆ."

ವಿನಯ್ ಕುಮಾರ್ ಬರೆಯುವುದನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದ. ನನಗೆ ಎಲ್ಲಾದರೂ ಅಡಗಿಕೊಳ್ಳಬೇಕು ಎನಿಸಿತು. ಗೋಡೆಗೆ ಹೇಳಿಕೊಂಡೆ ಅಂದುಕೊಂಡದ್ದನ್ನೆಲ್ಲ ಗೋಡೆಯ ಆಚೆ ಒಬ್ಬಳು ಕೇಳಿಸಿಕೊಂಡಿದ್ದಳು.

"ದಿನಾ ಬರ್ತಾರಾ?" ಅವನು ಕೇಳಿದ.

"ಇಲ್ಲ. ತಿಂಗಳಿಗೆ ಐದಾರು ದಿನ ಬರಲ್ಲ. ಬರದೇ ಇದ್ದ ದಿನ ನಂಗೆ ನಿದ್ದೆ ಬರಾಕೆ ತಡ ಆಗ್ತೈತೆ. ಜನವರಿಯಾಗೆ ನಾಕು ದಿನ ಜ್ವರ ಬಂದು ಮಲಗಿದ್ಲು. ಹಗಲೆಲ್ಲ ಕೆಮ್ಮೋಳು. ಮೂರನೇ ದಿನ ಮಧ್ಯಾಹ್ನ ಕೆಮ್ಮು ಕೇಳಲಿಲ್ಲ. ನಾನು ಹೋಗಿ ಕಿಟಕಿ ಹತ್ರ ನಿಂತೆ. ಎಷ್ಟೋ ಹೊತ್ತು ನಿಂತಿದ್ದೆ. ಆಮೇಲೆ ಕೆಮ್ಮಿದ್ಲು. ವಾಪಸು ಬಂದೆ."

"ಗಾಳಿ ಬಂದ ದಿನ?"

"ಅವತ್ತು ಇರಲಿಲ್ಲ. ಶೀಟು ಎದ್ದು ಜಾಲಿ ಗಿಡದ ಕಡೆ ಹೋದ್ವು. ಬೆಳಕು ಹರಿದ ಮೇಲೆ ಎಳಕಂಡು ಬಂದು ಕಲ್ಲು ಹೇರಿದೆ. ಹೇಳಾಕೆ ಇವಳ ನಂಬರ್ ನನ್ನತ್ರ ಇಲ್ಲ."

ಪಟ್ಟಣ ಪಂಚಾಯಿತಿಯನ್ನು ಹೊಗಳಿದ್ದು ನೆನಪಾಯಿತು. ಅರವತ್ತು ದಾಟಿದ ಹೆಂಗಸು ಆರು ಶೀಟುಗಳನ್ನು ಮುಳ್ಳಿನಿಂದ ಬಿಡಿಸಿ ಎಳೆದು ತಂದಿದ್ದಳು.

"ಇಷ್ಟು ಸಾಕಮ್ಮ," ಎಂದ ವಿನಯ್ ಕುಮಾರ್. "ಕೆಳಗೆ ನಿಮ್ಮ ವಿವರ ಬರೀಬೇಕು. ಆಧಾರ್ ಕಾರ್ಡ್ ತರ್ತೀರಾ?"

ಗಾದ್ರಮ್ಮ ಒಳಗೆ ಹೋದಳು. ಅವನು ಸಮಯ ಹಾಳಾಗದಿರಲೆಂದು ನನ್ನನ್ನೇ ಕೇಳಿ ಬರೆದುಕೊಳ್ಳತೊಡಗಿದ. ಸಾಕ್ಷಿಯ ಹೆಸರು, ಹೇಳಿದೆ. ಉದ್ಯೋಗ, ಸೊಪ್ಪಿನ ವ್ಯಾಪಾರ ಎಂದೆ.

"ಮನೇಲಿ ಎಷ್ಟು ಜನ?"

"ಇಬ್ರು ಸಾರ್. ಗಂಡ ಹೆಂಡ್ತಿ."

ಅವನು ಎರಡು ಎಂದು ಬರೆದ. ಗಾದ್ರಮ್ಮ ಕಾರ್ಡು ತಂದಾಗ ಬರೆದದ್ದನ್ನು ಒಂದೊಂದಾಗಿ ಓದಿ ಹೇಳಿದ. "ಕುಟುಂಬದ ಸದಸ್ಯರು ಇಬ್ಬರು" ಎಂದಾಗ ಅವಳು ಕೈ ಅಡ್ಡ ಹಿಡಿದಳು.

"ಒಂದು ಅಂತ ಬರೀರಿ."

"ಯಜಮಾನರು?"

"ನಮ್ಮನೆಯವರು ದೀಪಾವಳಿ ಆದ ವಾರಕ್ಕೆ ಹೋದ್ರು. ಎದೆನೋವು ಅಂತ ದಾವಣಗೆರೆಗೆ ಕರಕಂಡು ಹೋದ್ವಿ. ಆಸ್ಪತ್ರೆಯಿಂದ ಸೀದಾ ನ್ಯಾಮತಿ ಕಡೆ ಅವರ ಊರಿಗೆ ಒಯ್ದು ಮಣ್ಣು ಮಾಡಿದ್ವಿ. ಒಂದು ತಿಂಗಳು ಅಲ್ಲೇ ಇದ್ದು ಬಂದೆ."

ನಾನು ಆಗ ತಲೆಯೆತ್ತಿ ಅವಳ ಹಣೆ ನೋಡಿದೆ. ಕೈ ನೋಡಿದೆ. ಕುಂಕುಮವಿರಲಿಲ್ಲ, ಬಳೆ ಇರಲಿಲ್ಲ. ದೀಪಾವಳಿಯಿಂದ ಏಳು ತಿಂಗಳು. ಏಳು ತಿಂಗಳಲ್ಲಿ ಒಂದು ಸಲ ಹಗಲು ಹೊತ್ತು ಆ ಮುಖ ನೋಡಿದ್ದರೂ ತಿಳಿಯುತ್ತಿತ್ತು. ಅವಳು ಒಂದು ತಿಂಗಳು ಮನೆಗೆ ಬೀಗ ಹಾಕಿಕೊಂಡು ಹೋಗಿದ್ದಳು; ನನಗೆ ಅದೂ ಗೊತ್ತಾಗಿರಲಿಲ್ಲ. ನನ್ನ ಕೆಮ್ಮು ನಿಂತರೆ ಕಿಟಕಿಗೆ ಬಂದು ನಿಂತವಳ ಗಂಡ ಸತ್ತದ್ದು ನನಗೆ ಇನ್ಶೂರೆನ್ಸ್ ಫಾರಂನಿಂದ ತಿಳಿಯಿತು.

"ಗಾದ್ರಕ್ಕ, ನಂಗೆ ಗೊತ್ತಿರಲಿಲ್ಲ," ಎಂದೆ.

ಅವಳು ನನ್ನ ಕಡೆ ನೋಡಿದಳು. "ಗೊತ್ತಿಲ್ವಾ? ಗೊತ್ತಿದ್ದೂ ಬರಲಿಲ್ಲ ಅಂದ್ಕಂಡಿದ್ದೆ."

ಅಷ್ಟೇ. ಗೊತ್ತಿದ್ದೂ ಬಂದು ಮಾತಾಡಿಸದವಳು ಎಂದು ನನ್ನನ್ನು ತಿಳಿದುಕೊಂಡೇ, ಇಷ್ಟು ಹೊತ್ತು ನನ್ನ ಪರವಾಗಿ ಸಾಕ್ಷಿ ಹೇಳಿದ್ದಳು. ವಿನಯ್ ಕುಮಾರ್ ಎರಡನ್ನು ಹೊಡೆದು ಹಾಕಿ ಒಂದು ಎಂದು ಬರೆದ. ಗಾದ್ರಮ್ಮ ಅದರ ಕೆಳಗೆ ನಿಧಾನವಾಗಿ, ಅಕ್ಷರ ಅಕ್ಷರ ಜೋಡಿಸಿ, ರುಜು ಹಾಕಿದಳು.

ಮೂರು ವಾರಕ್ಕೆ ಕ್ಲೇಮು ಪಾಸಾಯಿತು. ಕೇಳಿದಷ್ಟು ಬರಲಿಲ್ಲ, ಮಾಡಿಗೆ ಸಾಕಾಯಿತು. ಹೊಸ ಶೀಟು ಹಾಕಿಸಿ, ಈ ಸಲ ಹತ್ತಿರ ಹತ್ತಿರ ಹುಕ್ ಬೋಲ್ಟು ಬಿಗಿಸಿದೆ. ಗೋಡೆ ಎತ್ತಿಸಿದೆ. ಗಾದ್ರಕ್ಕನಿಗೂ ನನಗೂ ಮಾತು ಶುರುವಾಯಿತು ಎಂದು ಹೇಳುವಂತಿಲ್ಲ. ಕಂಡಾಗ "ಬಂದ್ಯಾ?" ಎನ್ನುತ್ತಾಳೆ. "ಬಂದೆ" ಎನ್ನುತ್ತೇನೆ. ಏಳು ತಿಂಗಳ ಮೇಲೆ ಸಾವಿನ ಮನೆಗೆ ಹೋಗಿ ಏನು ಮಾತಾಡಬೇಕೆಂದು ಯಾರೂ ನನಗೆ ಹೇಳಿಕೊಟ್ಟಿಲ್ಲ. ರಾತ್ರಿ ಒಬ್ಬಳೇ ಮಾತಾಡುವುದನ್ನು ಮೊದಮೊದಲು ನಾಚಿಕೆಯಿಂದ ನಿಲ್ಲಿಸಲು ಹೊರಟೆ. ಆಮೇಲೆ ಬಿಟ್ಟೆ. ಈಗ ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ.

ಜುಲೈ ತಿಂಗಳ ಒಂದು ಭಾನುವಾರ ಅವಳೇ ಕರೆದಳು.

"ಅಂಜಿನಮ್ಮ, ಒಂದಿಷ್ಟು ಕೈ ಹಾಕ್ತೀಯಾ? ಹೊನ್ನಾಳಿಯಿಂದ ನನ್ನ ತಮ್ಮ ಬರ್ತಾನೆ. ಗಾಡಿ ಅವನಿಗೆ ಕೊಟ್ಟುಬಿಡ್ತೀನಿ. ಮೆಕ್ಯಾನಿಕ್ ತಾವ ತಳ್ಳಿಕೊಂಡು ಹೋಗಿ ಬಿಡಬೇಕು, ಒಬ್ಬಳ ಕೈಲಿ ಆಗಲ್ಲ."

ಸಂದಿಯಲ್ಲಿ ಗಾಡಿ ಹಳೇ ಗೋಣಿ ಹೊದ್ದುಕೊಂಡು ನಿಂತಿತ್ತು. ಹಿಂದಿನ ಸೀಟಿಗೆ ಸೊಪ್ಪಿನ ಬುಟ್ಟಿಗಳ ಕಬ್ಬಿಣದ ಚೌಕಟ್ಟು ಕಟ್ಟಿದ ಹಾಗೇ ಇತ್ತು. ಅವಳು ಹ್ಯಾಂಡಲ್ ಹಿಡಿದಳು, ನಾನು ಹಿಂದಿನಿಂದ ತಳ್ಳಿದೆ. ನಮ್ಮ ಬೀದಿ ಮೇಲ್ಮುಖ. ನಡೆದು ಹೋಗುವಾಗ ಗೊತ್ತೇ ಆಗದ ಏರು ಗಾಡಿ ತಳ್ಳುವಾಗ ಗೊತ್ತಾಯಿತು. ಹತ್ತು ಹೆಜ್ಜೆಗೆ ನನ್ನ ಉಸಿರು ಮೇಲೆ ಬಂತು. ಕಲ್ಲು, ಗುಂಡಿ, ಮಳೆ ಕೊರೆದ ಹಳ್ಳ. ಎರಡು ಕಡೆ ನಿಂತು ಸುಧಾರಿಸಿಕೊಂಡೆವು. ಬೀದಿಯ ತಿರುವಿನ ಕರೆಂಟ್ ಕಂಬದ ಹತ್ತಿರ ಬಂದಾಗ ಗಾದ್ರಕ್ಕ ತಾನಾಗಿ ನಿಂತಳು.

"ಇಲ್ಲಿಗೆ ಬಂದ ಮೇಲೆ ಸ್ಟಾರ್ಟ್ ಮಾಡ್ತಿದ್ರು," ಎಂದಳು.

"ಯಾರು?"

"ಇನ್ಯಾರು? ನೀನು ನೀರು ಹಾಕಿದ್ದೆಯಲ್ಲ, ಅದರ ಮಾರನೇ ದಿನದಿಂದ. ಸದ್ದು ಆಗದಂಗೆ ಗೇಟು ತೆಗೆದು, ಇಲ್ಲಿ ತನಕ ತಳ್ಳಿಕೊಂಡು ಬಂದು, ಇಲ್ಲಿ ಪೆಡಲ್ ತುಳಿಯೋರು. ನಾನು ಬೇಡ ಅಂತ ಎಷ್ಟು ಜಗಳ ಮಾಡಿದೆ. ಕೇಳಲಿಲ್ಲ. ಅಷ್ಟು ಮಕ್ಕಳಿಗೆ ಬೇಯಿಸಿ ಹಾಕಾಕೆ ಹೋಗೋ ಹೆಣ್ಮಗಳು, ಒಂದು ಗಳಿಗೆ ಮಲಗಲಿ ಬಿಡು, ಅಂತಿದ್ರು. ಕೊನೇ ದಿನಾನೂ ತಳ್ಳಿಕೊಂಡೇ ಬಂದಿದ್ರು."

ನಾನು ಹಿಂದಕ್ಕೆ ತಿರುಗಿ ನೋಡಿದೆ. ಇಳಿಜಾರಿನ ಕೆಳಗೆ ನನ್ನ ಮನೆಯ ಹೊಸ ಶೀಟು ಬಿಸಿಲಿಗೆ ಹೊಳೆಯುತ್ತಿತ್ತು, ಅದರ ಕೆಳಗೆ ನನ್ನ ಕಿಟಕಿ. ಸದ್ದು ನಿಂತಾಗ ನಾನು ಗೆದ್ದೆ ಅಂದುಕೊಂಡಿದ್ದೆ. ಆತ ಸತ್ತಾಗಲೂ ಅದೇ ನಿಶ್ಶಬ್ದವಿತ್ತು, ವ್ಯತ್ಯಾಸ ಗೊತ್ತಾಗಲಿಲ್ಲ. ನನ್ನ ಕೈ ಇನ್ನೂ ಗಾಡಿಯ ಮೇಲೇ ಇತ್ತು. ಖಾಲಿ ಗಾಡಿಯನ್ನು ಇಬ್ಬರು ಸೇರಿ ತಂದರೂ ಬೆವರಿಳಿದಿತ್ತು.

ಒಂದೂವರೆ ವರ್ಷ, ದಿನಾ ಬೆಳಗ್ಗೆ ನಾಲ್ಕೂವರೆಗೆ, ಆ ಮುದುಕ ಒಬ್ಬನೇ ಇದನ್ನು ಈ ಏರು ಹತ್ತಿಸಿದ್ದ. ಆ ಹೊತ್ತಿಗೆ ನಾನು ನನ್ನ ಮನೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದೆ.